ಕೆಮ್ಮನ್ನೂ ಬರೆಯುವ ಕೆಲಸ

ಕೆನಡಾದ ಪಾರ್ಲಿಮೆಂಟಿನಲ್ಲಿ ಯಾರು ಯಾರ ಮೇಲೆ ಹರಿಹಾಯ್ದರು ಎಂದು ಕೇಳಿ, ತಟ್ಟನೆ ಹೇಳುತ್ತೇನೆ. ದಾವಣಗೆರೆಯ ನಮ್ಮ ವಾರ್ಡಿನ ಕಾರ್ಪೊರೇಟರ್ ಯಾರು ಎಂದು ಕೇಳಿದರೆ ಮಾತ್ರ ಒಂದು ಗಳಿಗೆ ತಲೆ ಕೆರೆದುಕೊಳ್ಳಬೇಕು. ನನ್ನ ಗಂಡ ಇದನ್ನು ಬಂದವರ ಮುಂದೆಲ್ಲ ಹೇಳಿ ನಗುತ್ತಾರೆ. ನಗಲಿ. ಹೊಟ್ಟೆಪಾಡು ನನ್ನನ್ನು ವಿದ್ಯಾನಗರದ ಮನೆಯ ಮಹಡಿ ಕೋಣೆಯಿಂದ ಕದಲಿಸದೆಯೇ ಕೆನಡಾಕ್ಕೆ ಒಯ್ದಿತು. ಅದಕ್ಕೆ ನಾನೇನು ಮಾಡಲಿ?

ಕೆಲಸ ಇಷ್ಟೆ. ಅಲ್ಲಿ ವಯಸ್ಸಾದ ಹೆಂಗಸೊಬ್ಬರು ಇಂಟರ್ನೆಟ್ಟಿನಲ್ಲಿ ವಾರಕ್ಕೆರಡು ಮಾತುಕತೆ ನಡೆಸುತ್ತಾರೆ. ಕೆನಡಾದ ರಾಜಕೀಯ, ಮಾನವ ಹಕ್ಕು, ಸಾಮಾಜಿಕ ನ್ಯಾಯ, ಇವೇ ವಿಷಯ. ಆ ಮಾತನ್ನೆಲ್ಲ ಮೊದಲು ಯಂತ್ರ ಅಕ್ಷರಕ್ಕಿಳಿಸುತ್ತದೆ. ಯಂತ್ರ ಮಾಡಿದ ಅವಾಂತರವನ್ನು ನಾನು ಸರಿಪಡಿಸುತ್ತೇನೆ. ಕಿವಿ ಕೇಳದವರು ಓದಲಿ ಎಂದು ಈ ಬರಹ. ಆದ್ದರಿಂದ ಮೊದಲ ದಿನವೇ ನನಗೊಂದು ನಿಯಮ ಹೇಳಿದರು. ಯಾರ ಮಾತನ್ನೂ ಚೆಂದ ಮಾಡಬಾರದು. ತೊದಲಿದರೆ ತೊದಲನ್ನೇ ಬರೆಯಬೇಕು. ಕೆಮ್ಮಿದರೆ ಕಂಸದೊಳಗೆ ಕೆಮ್ಮು ಎಂದು ಬರೆಯಬೇಕು. ಪ್ರಶ್ನೆ ಕೇಳಿದ ಮೇಲೆ ದೊಡ್ಡ ಮನುಷ್ಯನೊಬ್ಬ ಐದು ಸೆಕೆಂಡ್ ಸುಮ್ಮನಿದ್ದರೆ ಮೌನ ಎಂದು ಬರೆಯಬೇಕು. ಕಿವಿ ಇದ್ದವರಿಗೆ ಗೊತ್ತಾದ ಮೌನ ಕಿವಿ ಕೇಳದವರಿಗೂ ಗೊತ್ತಾಗಬೇಕಲ್ಲ, ಅದು ಅವರ ಹಕ್ಕು ಎಂದರು. ಈ ಮಾತು ನನಗೆ ಬಹಳ ಹಿಡಿಸಿತು. ಎಷ್ಟು ಹಿಡಿಸಿತೆಂದರೆ, ಊಟಕ್ಕೆ ಕೂತಾಗ ಗಂಡ ಉತ್ತರ ಕೊಡದೆ ತಟ್ಟೆ ನೋಡಿದರೆ "ಮೌನ, ಏಳು ಸೆಕೆಂಡ್" ಎನ್ನುವ ಚಾಳಿ ಬೆಳೆಸಿಕೊಂಡೆ.

ನಮ್ಮ ಬೀದಿಯ ಕೊನೆಯಲ್ಲಿ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ ಇದೆ. ಏಳು ಜನರ ಸಮಿತಿ ಅದನ್ನು ನಡೆಸುತ್ತದೆ. ಹೆಚ್ಚಿನವರು ನಮ್ಮವರೇ, ಅಂದರೆ ಹಣೆಗೆ ಈಬತ್ತಿ ಹಚ್ಚಿ ಅಂಗಡಿ ತೆರೆಯುವ ಹಳೆಯ ವ್ಯಾಪಾರಸ್ಥ ಮನೆಗಳವರು. ಅಧ್ಯಕ್ಷರು ನನ್ನ ಗಂಡನ ದೊಡ್ಡಪ್ಪನ ಮಗ, ನನಗೆ ಭಾವ. ನಮ್ಮ ಮನೆಯವರೊಬ್ಬರು ಸಮಿತಿಯಲ್ಲಿರುವುದು ಮಾವನವರ ಕಾಲದ ರೂಢಿ. "ಟೈಪ್ ಮಾಡ್ತಾಳೆ, ಇವಳೇ ಕಾರ್ಯದರ್ಶಿ ಆಗ್ಲಿ" ಎಂದು ಭಾವ ಹೇಳಿದರು, ನಾನಾದೆ.

ಆ ಹಾಸ್ಟೆಲಿನ ಅಡುಗೆಯವಳೇ ಈ ಕಥೆಗೆ ಕಾರಣ. ದಿನಾ ಹರಿಹರದಿಂದ ಬೆಳಗಿನ ಮೊದಲ ಬಸ್ಸಿಗೆ ಬಂದು, ಸಂಜೆಯ ಸಾರಿಳಿಸಿ ಹೋಗುವಾಕೆ. ಹುಡುಗಿಯರೆಲ್ಲ ಹರಿಹರದಕ್ಕ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಒಂದು ದಿನ ಹಾಸ್ಟೆಲಿನ ಮಿಕ್ಸಿ ಕೆಟ್ಟು, ಶೇಂಗಾ ಚಟ್ನಿ ರುಬ್ಬಿಕೊಳ್ಳಲು ನಮ್ಮ ಮನೆಗೆ ಬಂದಳು. ನನ್ನ ಕೋಣೆಯಿಂದ ಇಂಗ್ಲಿಷ್ ಕೇಳಿ ಮೆಟ್ಟಿಲ ಮೇಲೆ ನಿಂತು, "ಯಾರ್ರೀ ಅದು, ಅಷ್ಟು ಸಮಾಧಾನದಾಗ ಜಗಳ ಆಡ್ತಾರಲ್ಲ?" ಎಂದಳು. ಕೆನಡಾದ ರಾಜಕೀಯವನ್ನು ಅದಕ್ಕಿಂತ ಚೆನ್ನಾಗಿ ಯಾರೂ ವರ್ಣಿಸಿದ್ದು ನಾನು ಕೇಳಿಲ್ಲ.

ಅಲ್ಲಿಂದ ಶುರುವಾಯಿತು. ಮಿಕ್ಸಿ ರಿಪೇರಿಯಾದ ಮೇಲೂ ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು ಬಂದು ಕೂರುತ್ತಿದ್ದಳು. ಮಂಡಕ್ಕಿ ಒಗ್ಗರಣೆ ಹಾಕಿಕೊಂಡು, ಮೆಣಸಿನಕಾಯಿ ಕಚ್ಚಿಕೊಂಡು, ನಾವಿಬ್ಬರೂ ಕೆನಡಾದ ವಿಚಾರ ಮಾತಾಡುತ್ತಿದ್ದೆವು. ನಾನು ಕನ್ನಡದಲ್ಲಿ ಹೇಳುವುದು, ಆಕೆ ತೀರ್ಪು ಕೊಡುವುದು.

ಒಂದು ಸಲ ಅಲ್ಲಿನ ಮೂಲನಿವಾಸಿಗಳ ಹಳ್ಳಿಗಳ ಮಾತು ಬಂತು. ನಲ್ಲಿಯ ನೀರನ್ನು ಕುದಿಸದೆ ಕುಡಿಯಬೇಡಿ ಎಂಬ ಎಚ್ಚರಿಕೆ ವರ್ಷಗಟ್ಟಲೆ ಹಾಗೇ ಉಳಿದ ಊರುಗಳಿವೆಯಂತೆ. ಲೆಕ್ಕವಿಲ್ಲದಷ್ಟು ಸರೋವರಗಳಿರುವ ದೇಶದಲ್ಲಿ! ನನಗೆ ಆಶ್ಚರ್ಯ, ಆಕೆಗೆ ಏನೂ ಇಲ್ಲ.

"ಪೈಪು ಎಲ್ಲಿಗೆ ಬಂದು ನಿಂತೈತೆ ಅಂತ ಹೇಳ್ರಿ" ಎಂದಳು. "ಅದರಾಚೆ ಯಾರ ಮನಿ ಅದಾವು ಅಂತ ನಾನು ಇಲ್ಲೇ ಕುಂತು ಹೇಳ್ತೀನಿ."

ಕೆನಡಾದ ಆ ಹೆಂಗಸು ಪ್ರತಿ ಮಾತುಕತೆಯ ಆರಂಭದಲ್ಲೂ, ತಾನು ಕೂತಿರುವ ನೆಲ ಮೂಲತಃ ಯಾವ ಜನರದ್ದು ಎಂದು ಹೇಳಿಯೇ ಮುಂದುವರಿಯುತ್ತಾರೆ. ಅಲ್ಲಿ ಅದೊಂದು ಪದ್ಧತಿ. ಇದನ್ನು ವಿವರಿಸಿದಾಗ ಹರಿಹರದಕ್ಕ ಮಂಡಕ್ಕಿ ಬಾಯಿಗೆ ಹಾಕುವುದನ್ನು ನಿಲ್ಲಿಸಿದಳು.

"ಹೇಳಿ ಆದ್ಮ್ಯಾಲೆ ವಾಪಸ್ ಕೊಡ್ತಾರೇನ್ರಿ?"

"ಇಲ್ಲ."

"ಮತ್ತ ಯಾಕ ಹೇಳ್ತಾರ?"

"ಸುಮ್ನಿರೋದಕ್ಕಿಂತ ವಾಸಿ ಅಂತ."

ಆಕೆ ಮತ್ತೆ ಮಂಡಕ್ಕಿಗೆ ಕೈಹಾಕಿ, "ಅದೂ ಖರೇನೇ ಬಿಡ್ರಿ. ನಮ್ಮ ಕಡೆ ಹೇಳಾಕೂ ಒಲ್ಲರು" ಎಂದಳು.

ಮೂಲನಿವಾಸಿಗಳ ಮಕ್ಕಳನ್ನು ತಾಯಿಯಿಂದ ಕಿತ್ತು ವಸತಿಶಾಲೆಗೆ ಹಾಕಿ, ಕೂದಲು ಕತ್ತರಿಸಿ, ಮನೆಮಾತು ಆಡಿದರೆ ಹೊಡೆಯುತ್ತಿದ್ದ ಕಾಲದ ಬಗ್ಗೆ ಅತಿಥಿಯಾಗಿ ಬಂದ ಒಬ್ಬ ಮುದುಕಿ ಮಾತಾಡಿದ ದಿನ ನಾನು ಟೈಪ್ ಮಾಡಲಾರದೆ ಅತ್ತೆ. ಹರಿಹರದಕ್ಕ ಅಳಲಿಲ್ಲ. "ಆ ಮಕ್ಕಳಿಗೆ ಅಡಿಗಿ ಯಾರು ಮಾಡ್ತಿದ್ರು? ಹೊಟ್ಟಿ ತುಂಬ ಹಾಕ್ತಿದ್ರಾ?" ಎಂದು ಕೇಳಿದಳು. ಮುದುಕಿ ಹಸಿವಿನ ಮಾತನ್ನೂ ಆಡಿದ್ದಳು, ನಾನು ಅದನ್ನು ದಾಟಿಕೊಂಡು ಹೋಗಿದ್ದೆ. ಹಿಂದಕ್ಕೆ ಹೋಗಿ ಮತ್ತೆ ಕೇಳಿ ಹೇಳಿದೆ.

ಇನ್ನೊಂದು ದಿನ ಇಬ್ಬರು ಅತಿಥಿಗಳು, ನಮ್ಮ ದೇಶದಿಂದ ಹೋಗಿ ನೆಲೆಸಿದವರು, ಕೆನಡಾದಲ್ಲೂ ಜಾತಿ ಕೇಳುವವರಿದ್ದಾರೆ, ಬಾಡಿಗೆ ಮನೆಗೂ ಅಡ್ಡ ಬರುತ್ತದೆ ಎಂದರು. ಇದನ್ನು ಹೇಳಲು ನನಗೇ ಮುಜುಗರ. ಆಕೆ ಯಾವ ಜಾತಿಯೆಂದು ನಾನು ಕೇಳಿರಲಿಲ್ಲ, ಆಕೆ ಹೇಳಿರಲಿಲ್ಲ. ಕೇಳದೆ ಇದ್ದುದನ್ನು ನನ್ನ ದೊಡ್ಡತನ ಎಂದುಕೊಂಡಿದ್ದೆ, ಅದು ಬೇರೆ ಮಾತು. ಆಕೆ ಮಾತ್ರ ಬಿದ್ದು ಬಿದ್ದು ನಕ್ಕಳು. "ಅಯ್ಯ, ಅದೂ ಹೋತೇನ್ರಿ ಅಲ್ಲಿಗೆ! ಅದಕ್ಕ ವೀಸಾ ಯಾರು ಕೊಟ್ರು?"

ಹೀಗೆ ಮೂರು ವರ್ಷ. ಆಮೇಲೆ ಆ ಸಭೆ ಬಂತು.

ಶನಿವಾರ ಸಂಜೆ ನಾಲ್ಕು ಗಂಟೆಗೆ, ಹಾಸ್ಟೆಲಿನ ಊಟದ ಹಾಲಿನಲ್ಲೇ. ನಡಾವಳಿ ಬರೆಯಲು ಅನುಕೂಲವೆಂದು ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಮೇಜಿನ ಮೇಲಿಟ್ಟಿದ್ದೆ, ಎಂದಿನಂತೆ ಎಲ್ಲರಿಗೂ ಹೇಳಿಯೇ. ಹೊಸದಾಗಿ ಸೇರಿದ ಹುಡುಗಿಯೊಬ್ಬಳ ತಂದೆ, ಹದಡಿ ಕಡೆಯ ಅನುಕೂಲಸ್ಥ, ಹರಿಹರದ ನೆಂಟರ ಹತ್ತಿರ ವಿಚಾರಿಸಿ, ನಮ್ಮ ಅಡುಗೆಯವಳು ಯಾವ ಓಣಿಯವಳು ಎಂದು ಪತ್ತೆಮಾಡಿದ್ದನಂತೆ. ಆಕೆ ದಲಿತಳು. ಅಡುಗೆಯವರನ್ನು ಬದಲಾಯಿಸದಿದ್ದರೆ ಮಗಳನ್ನು ಬಿಡಿಸುತ್ತೇನೆ, ಇನ್ನು ನಾಲ್ಕು ಮಂದಿಗೂ ಹೇಳುತ್ತೇನೆ ಎಂದು ಭಾವನಿಗೆ ಫೋನು ಮಾಡಿದ್ದ.

ಭಾವ ಅದನ್ನು ನಯವಾಗಿ ಹೇಳಿದರು. ನಯ ಅವರಿಗೆ ಚೆನ್ನಾಗಿ ಬರುತ್ತದೆ. ಹರಿಹರದಕ್ಕನನ್ನು ಬಾಗಿಲಿಗೆ ಕರೆಸಿದರು. ಒಳಗೆ ಬಾ ಎನ್ನಲಿಲ್ಲ. ಆಕೆ ಹೊಸ್ತಿಲಲ್ಲಿ ನಿಂತೇ ನಾಲ್ಕು ನಿಮಿಷ ಮಾತಾಡಿದಳು. ನಾವು ಯಾರೂ ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಎದುರಿಗೆ ಭಾವ, ಪಕ್ಕದಲ್ಲಿ ಭಾವನ ಸ್ನೇಹಿತರು, ಮನೆಯಲ್ಲಿ ಮುಂದಿನ ತಿಂಗಳು ಅವರದೇ ಮೊಮ್ಮಗನ ತೊಟ್ಟಿಲು ಶಾಸ್ತ್ರ. "ಎಲ್ಲರೂ ಒಪ್ಪಿದಂಗಾತು. ಹೊಸಬರು ಸಿಗೋತನಕ ಇವಳೇ ಮಾಡ್ಲಿ, ಎರಡು ವಾರ ಬಿಟ್ಟು ಮತ್ತ ಕೂಡಾಣ" ಎಂದು ಭಾವ ಎದ್ದರು.

ಎರಡು ವಾರ ತಿನ್ನಲು ಆಗುವ ಅನ್ನ ಮೂರನೇ ವಾರ ಯಾಕೆ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಆಗಲೇ ಕೇಳಬೇಕಿತ್ತು. ಮನೆಗೆ ಬಂದು ಗೋಡೆಗೆ ಕೇಳಿದೆ.

ನಡಾವಳಿಯನ್ನು ಊಟದ ಹಾಲಿನ ನೋಟಿಸ್ ಬೋರ್ಡಿಗೆ ಅಂಟಿಸುವುದು ಅಲ್ಲಿನ ಪದ್ಧತಿ. ಸೋಮವಾರ ಅಂಟಿಸಿದೆ. ಅದರಲ್ಲಿದ್ದದ್ದು ಒಂದೇ ಸಾಲು: "ಅಡುಗೆಯವರ ಬದಲಾವಣೆ ಕುರಿತು ಚರ್ಚಿಸಿ, ಸರ್ವಾನುಮತದಿಂದ ಒಪ್ಪಲಾಯಿತು." ಎಲ್ಲರೂ ಬರೆಯುವ ಹಾಗೆಯೇ ಬರೆದೆ. ಅಡ್ಡಮಾತು, ತೊದಲು, ಸಿಟ್ಟು ಎಲ್ಲ ತೆಗೆದು ಚೊಕ್ಕ ಮಾಡಿ. ನನ್ನ ಕಸುಬು ಏನೆಂದು ಬೆರಳಿಗೆ ಮರೆತೇಹೋಗಿತ್ತು.

ಅವತ್ತಿನಿಂದ ಹರಿಹರದಕ್ಕ ನಮ್ಮ ಮನೆಗೆ ಬರುವುದು ನಿಂತಿತು. ಭಾನುವಾರ ಸಂಜೆ ಹಾಸ್ಟೆಲಿನಲ್ಲಿ ಅಡುಗೆ ಇರುವುದಿಲ್ಲ. ಆ ಭಾನುವಾರ ನಾನೇ ಹರಿಹರದ ಬಸ್ಸು ಹತ್ತಿದೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಹೊಳೆಯ ಕಡೆ ನಡೆದು, ಎರಡು ಕಡೆ ಕೇಳಿಕೊಂಡು ಮನೆ ಹಿಡಿದೆ. ಆಕೆ ಕಟ್ಟೆಯ ಮೇಲೆ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದಳು. "ಬರ್ರಿ, ಕೂಡ್ರಿ" ಎಂದಳು, ಮೊರದಿಂದ ಕಣ್ಣೆತ್ತದೆ. ಚಹಾ ತಂದಿಟ್ಟಳು. ನಾನು ಸಮಾಧಾನದ ಮಾತು ತಯಾರು ಮಾಡಿಕೊಂಡು ಹೋಗಿದ್ದೆ. ಬೇರೆ ಕಡೆ ಕೆಲಸ ನೋಡುತ್ತೇನೆ, ಪರಿಚಯದವರಿದ್ದಾರೆ ಅಂತೆಲ್ಲ.

"ಕೆಲಸ ನಾನು ಹುಡುಕ್ಕೊಂತೀನ್ರಿ" ಎಂದಳು. "ಆದ್ರ ಬಿಡಾಂಗಿಲ್ಲ ನಾನು ಇದನ್ನ. ನಾನಾಗೇ ಹೋದ್ರ, ನಾಳೆ ನಮ್ಮ ಓಣಿಯಾಕಿ ಇನ್ನೊಬ್ಬಾಕಿ ಎಲ್ಲೂ ಒಲಿ ಮುಂದ ನಿಂದ್ರಾಂಗಿಲ್ಲ. ಅದಿರ್ಲಿ, ಒಂದು ಕೇಳ್ತೀನಿ. ಬೋರ್ಡಿನ ಮ್ಯಾಲಿಂದು ಓದಿದೆ. ನಾನು ಮಾತಾಡಿದ್ದು ಎಲ್ಲೈತ್ರಿ ಅದರಾಗ?"

ನಡಾವಳಿ ಅಂದರೆ ಹಾಗೇ, ಚುಟುಕಾಗಿ ಬರೆಯುವುದು ಎಂದೇನೋ ಶುರುಮಾಡಿದೆ.

"ಕೆನಡಾದವರು ಕೆಮ್ಮಿದ್ರೂ ಬರೀತೀರಿ. ನಾನು ನಾಲ್ಕು ನಿಮಿಷ ಮಾತಾಡೀನಿ. ಒಂದು ಕೆಮ್ಮಿನಷ್ಟೂ ಬೆಲಿ ಇಲ್ಲೇನ್ರಿ ಅದಕ್ಕ?"

ಚಹಾ ಕೈಯಲ್ಲೇ ಇತ್ತು. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೇ ಕೆಟ್ಟ ಸಿಟ್ಟು ಬಂತು. ಆಕೆ ಬೈದಿದ್ದರೆ ಅಷ್ಟು ಬರುತ್ತಿರಲಿಲ್ಲ. ಹೊರಡುವಾಗ "ಮುಂದಿನ ಸಭೆಯ ದಿನ ಬಾಗಿಲ ಹತ್ರ ಇರ್ರಿ" ಎಂದೆ. "ಇರ್ತೀನಿ. ಎಲ್ಲಿಗೆ ಹೋಗ್ಲಿ, ಕುಕ್ಕರ್ ಇಟ್ಟಿರ್ತೀನಲ್ಲ" ಎಂದಳು.

ಮರುದಿನ ಬೆಳಗ್ಗೆ ಕೆನಡಾದ ಕೆಲಸವನ್ನು ಬದಿಗಿಟ್ಟು ಸಭೆಯ ರೆಕಾರ್ಡಿಂಗಿಗೆ ಹೆಡ್‌ಫೋನ್ ಹಾಕಿದೆ. ಅಲ್ಲಿನವರ ಮಾತಿಗೆ ಅನ್ವಯಿಸುವ ನಿಯಮಗಳನ್ನೆಲ್ಲ ಇಲ್ಲಿನ ಮಾತಿಗೂ ಅನ್ವಯಿಸಿದೆ. ಒಂದಕ್ಷರ ಚೆಂದ ಮಾಡಲಿಲ್ಲ. ನನ್ನ ಪಾಲಿಗೆ ಬಂದ ಮೌನವನ್ನೂ ಬರೆದೆ, ಸೆಕೆಂಡು ಸಮೇತ. ಕೇಳುತ್ತಾ ಹೋದಂತೆ ಇನ್ನೊಂದು ಗೊತ್ತಾಯಿತು. ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ. ಇಡೀ ಸಭೆಯಲ್ಲಿ "ಒಪ್ಪಿದೆ" ಎಂದು ಒಬ್ಬರೂ ಹೇಳಿರಲಿಲ್ಲ. ಎಲ್ಲರೂ ಒಪ್ಪಿದಂಗಾತು ಎಂದದ್ದು ಭಾವ ಒಬ್ಬರೇ.

ರಾತ್ರಿ ಊಟಕ್ಕೆ ಕೂತಾಗ ಗಂಡ ಹಾಳೆಗಳನ್ನು ಓದಿ, ಕನ್ನಡಕ ತೆಗೆದಿಟ್ಟು, "ಅಣ್ಣನ್ನ ಎದುರು ಹಾಕ್ಕೊಂಬ್ಯಾಡ" ಎಂದರು. "ನಾನು ಯಾರನ್ನೂ ಎದುರು ಹಾಕ್ಕೊಳ್ತಿಲ್ಲ. ಅವರು ಹೇಳಿದ್ದನ್ನ ಅವರಿಗೇ ಓದಿ ಹೇಳ್ತೀನಿ" ಎಂದೆ. ಅವರು ತಟ್ಟೆ ನೋಡಿದರು. ನಾನು ಸೆಕೆಂಡು ಎಣಿಸಲಿಲ್ಲ.

ಯಾವ ಸಭೆಯಲ್ಲೂ ಮೊದಲ ಕೆಲಸ ಹಿಂದಿನ ನಡಾವಳಿ ಓದಿ, ಎಲ್ಲರಿಂದ ಒಪ್ಪಿಗೆ ಪಡೆದು, ಅಧ್ಯಕ್ಷರು ಸಹಿ ಹಾಕುವುದು. ಬೈಲಾದಲ್ಲಿ ಹಾಗೇ ಇದೆ. ಆದರೆ ದಾವಣಗೆರೆಯಲ್ಲಿ ನಾನು ಕೂತ ಯಾವ ಸಭೆಯಲ್ಲೂ ಅದನ್ನು ಓದಿದ್ದಿಲ್ಲ. "ಓದಿದಂಗ ಅನ್ಕಳ್ರಿ" ಎಂದು ಅಧ್ಯಕ್ಷರು ಹೇಳುವುದು, ಎಲ್ಲರೂ ಚಹಾದ ಕಡೆ ನೋಡುವುದು. ಅವತ್ತೂ ಭಾವ ಹಾಗೇ ಹೇಳಿ ಪೆನ್ನಿನ ಮುಚ್ಚಳ ತೆಗೆದರು.

"ಓದ್ತೀನ್ರಿ ಭಾವ" ಎಂದು ಎದ್ದು ನಿಂತೆ. "ಬೋರ್ಡಿಗೆ ಹಚ್ಚಿದ್ದು ಅರ್ಧಂಬರ್ಧ, ತಪ್ಪು ನಂದು. ಪೂರ್ತಿ ಇಲ್ಲೈತೆ."

ದನಿ ನಡುಗಲಿಲ್ಲ. ಮೂರು ವರ್ಷ ಕೆನಡಾದವರು ಸಮಾಧಾನವಾಗಿ ಜಗಳವಾಡುವುದನ್ನು ಕೇಳಿದ್ದು ಆ ಹೊತ್ತಿಗೆ ಉಪಯೋಗಕ್ಕೆ ಬಂತು.

"ಅಧ್ಯಕ್ಷರು: ನಾನು ಜಾತಿಗೀತಿ ನೋಡೋನಲ್ಲ. (ಕೆಮ್ಮು) ಆದ್ರ, ಆದ್ರ ಪಾಲಕರು ಕೇಳ್ತಾರ, ನಾವೇನು ಮಾಡಾಕಾಗ್ತೈತೆ.

ಅಡುಗೆಯವರು: ಅಡಿಗಿ ಚಲೋ ಇಲ್ಲ ಅಂತ ಹೇಳ್ರಿ, ಹೋಗ್ತೀನಿ. ಉಪ್ಪು ಜಾಸ್ತಿ ಆತು ಅಂತ ಹೇಳ್ರಿ, ಹೋಗ್ತೀನಿ. ಯಾವ ಓಣಿಯಾಗ ಹುಟ್ಟೀನಿ ಅನ್ನೋದಕ್ಕ ಹೋಗು ಅಂದ್ರ ಹೋಗಾಂಗಿಲ್ಲ. (ಗದ್ಗದ ಕಂಠ) ಹುಡುಗೇರಿಗೆ ಜ್ವರ ಬಂದಾಗ ಯಾರ ಕೈಯಾಗ ಗಂಜಿ ಕುಡದ್ರು ಅಂತ ಅವರನ್ನ ಕೇಳ್ರಿ. ಮೂರು ವರ್ಷ ಆತು, ನಿಮ್ಮ ಸಭಿ ಇದ್ದಾಗೆಲ್ಲ ಚಹಾ ಮಾಡಿದಾಕಿನೂ ನಾನೇ.

ಸದಸ್ಯರು: ಮೌನ, ಹನ್ನೊಂದು ಸೆಕೆಂಡ್.

ಕಾರ್ಯದರ್ಶಿ: ಮೌನ, ಹನ್ನೊಂದು ಸೆಕೆಂಡ್."

ಭಾವನ ಮುಖ ಕೆಂಪಗಾಗಿತ್ತು. "ಇಂಥಾವೆಲ್ಲ ಬರೆಯೋದೇನವ್ವ? ತಗದು ಹಾಕು" ಎಂದರು.

"ನೀವು ಅಂದಿಲ್ಲ ಅಂದ್ರೆ ಈಗ್ಲೇ ತೆಗೀತೀನ್ರಿ. ಅಂದಿದ್ದೀರಿ, ಆದ್ರೆ ಬ್ಯಾಡ ಅಂದ್ರೆ ತೆಗೆಯಾಕ ಬರಲ್ಲ. ಇನ್ನೊಂದು. 'ಒಪ್ಪಿದೆ' ಅಂತ ಇದರಾಗ ಯಾರೂ ಹೇಳಿಲ್ಲ. ಹೇಳಿದ್ದರೆ ಕೈ ಎತ್ರಿ, ಸೇರಿಸ್ತೀನಿ."

ಯಾರ ಕೈಯೂ ಮೇಲೇಳಲಿಲ್ಲ. ಹುಡುಗಿಯರ ಪರವಾಗಿ ಸಮಿತಿಯಲ್ಲಿ ಕೂರುವ ವಿದ್ಯಾರ್ಥಿನಿಯೊಬ್ಬಳಿದ್ದಾಳೆ. ಎರಡು ವರ್ಷದಲ್ಲಿ ಅವಳ ದನಿ ಕೇಳಿದವರಿಲ್ಲ. ಅವಳು ಎದ್ದು, "ನಾನು ಒಪ್ಪಿಲ್ಲ ಸರ್. ನನ್ನ ಕೇಳೇ ಇಲ್ಲ" ಎಂದಳು. ನಿವೃತ್ತ ಲೆಕ್ಚರರ್ ಒಬ್ಬರು ತಾನೂ ಒಪ್ಪಿಲ್ಲ ಎಂದರು. ನಾನೂ ಅದನ್ನೇ ಹೇಳಿದೆ. ಬಟ್ಟೆ ಅಂಗಡಿಯ ಸದಸ್ಯರು ಮಾತ್ರ ನ್ಯಾಯದ ಗೊಡವೆಗೇ ಹೋಗಲಿಲ್ಲ. "ಹುಳಿ ಚಲೋ ಮಾಡ್ತಾಳ ಬಿಡ್ರಿ, ಸುಮ್ನ ಯಾಕ" ಎಂದರು. ನನಗೆ ಅದೂ ಸಾಕಿತ್ತು. ಏಳರಲ್ಲಿ ನಾಲ್ಕಾಯಿತು. ಅಡುಗೆಯವರ ಬದಲಾವಣೆಗೆ ಒಪ್ಪಿಗೆ ಇಲ್ಲ ಎಂದು ಅಲ್ಲೇ ಬರೆದೆ.

ಆ ಹದಡಿಯ ತಂದೆ ಮಗಳನ್ನು ಬಿಡಿಸಿಕೊಂಡು ಹೋದ. ಅವನು ಹೆದರಿಸಿದ್ದ ಆ ಇನ್ನು ನಾಲ್ಕು ಮಂದಿಯಲ್ಲಿ ಒಬ್ಬರೂ ಮಕ್ಕಳನ್ನು ಬಿಡಿಸಲಿಲ್ಲ. ಭಾವನ ಮೊಮ್ಮಗನ ತೊಟ್ಟಿಲು ಶಾಸ್ತ್ರಕ್ಕೆ ಹೋದಾಗ ಅರಿಸಿನ ಕುಂಕುಮ ಕೊಟ್ಟರು, ಭಾವ ಮಾತ್ರ ಮಾತಾಡಿಸಲಿಲ್ಲ. ಈಗಲೂ ಮಾತಾಡಿಸುವುದಿಲ್ಲ. ಮನಸ್ಸಿಗೆ ಬೇಜಾರಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಮತ್ತೆ ಆ ಸಭೆ ಬಂದರೆ ಮತ್ತೆ ಓದುತ್ತೇನೆ, ಈ ಸಲ ಮೊದಲ ದಿನವೇ.

ಇದೆಲ್ಲ ಆಮೇಲಿನದು. ಆ ಹೊತ್ತಿನಲ್ಲಿ ಭಾವ ಸಹಿ ಹಾಕದೆ ಗತಿಯಿರಲಿಲ್ಲ. ಸಹಿಗೆ ಮುಂಚೆ ಬಾಯಿಪಾಠದಂತೆ ಕೇಳುವ ಮಾತೊಂದಿದೆ, ಸಿಟ್ಟಿನಲ್ಲೂ ಅದು ಅವರ ಬಾಯಿಂದ ಬಂತು. "ನಡಾವಳಿಗೆ ಏನಾರ ತಿದ್ದುಪಡಿ ಐತೇನು?"

"ಐತ್ರಿ."

ಬಾಗಿಲಿನಿಂದ ಬಂತು ದನಿ. ಹರಿಹರದಕ್ಕ ಹಿಟ್ಟಿನ ಕೈಯಲ್ಲೇ ನಿಂತಿದ್ದಳು. ಹೊಸ್ತಿಲು ದಾಟಿ ಒಳಗೆ ಬಂದು, ಮೇಜಿನ ಹತ್ತಿರ ನಿಂತು, ನನ್ನ ಹಾಳೆಯ ಕಡೆ ಬೆರಳು ತೋರಿಸಿದಳು.

"ಗದ್ಗದ ಅಂತ ಬರ್ದೀರಿ. ನಾನು ಅತ್ತಿಲ್ರಿ. ಅದು ಸಿಟ್ಟು. ತಿದ್ರಿ."

ನಾನು ಪೆನ್ನು ತೆಗೆದು, ಗದ್ಗದ ಕಂಠ ಎಂಬುದನ್ನು ಹೊಡೆದು, ಸಿಟ್ಟು ಎಂದು ಬರೆದೆ. ಭಾವ ಅದರ ಕೆಳಗೆ ಸಹಿ ಹಾಕಿದರು.